ಮನೆಯಲ್ಲಿ ಸರ್ಫ್ ಗಿಟಾರ್ ನುಡಿಸೋಕೆ ಮೊದಲ ಆಂಪ್ ಯಾವುದು?

ಅಲೆಮಾರಿ_ತಂತಿ:

ಎಲ್ಲರಿಗೂ ನಮಸ್ಕಾರ. ಗಿಟಾರ್ ಬಂದಿದೆ, ಆಂಪ್ (ಗಿಟಾರ್ ಸದ್ದು ದೊಡ್ಡದು ಮಾಡೋ ಆಂಪ್ಲಿಫೈಯರ್) ಇನ್ನೂ ಇಲ್ಲ. ಗಿಟಾರ್ ಸ್ಕ್ವಯರ್ ಜಾಜ್‌ಮಾಸ್ಟರ್, ಅಂಗಡಿಯಿಂದ ಬಂದ ತೆಳು ತಂತಿಯೇ ಇದೆ. ನುಡಿಸಬೇಕಿರೋದು ಒಂದೇ ಬಗೆ: 1961ರಿಂದ 64ರ ಆಸುಪಾಸಿನ ಕ್ಯಾಲಿಫೋರ್ನಿಯಾ ಸರ್ಫ್ ಸಂಗೀತ. ಹಾಡುಗಾರಿಕೆ ಇಲ್ಲದ್ದು, ಬರೀ ಗಿಟಾರ್. ಆ ಒದ್ದೆ ಒದ್ದೆ ಸದ್ದು ಬರಬೇಕು. ಬ್ಲೂಸ್, ಮೆಟಲ್ ಯಾವುದೂ ಬೇಡ.

ಇರೋದು ಕ್ಯಾಲಿಫೋರ್ನಿಯಾದ ಇರ್ವೈನ್‌ನಲ್ಲಿ, ಮರದ ನೆಲದ ಅಪಾರ್ಟ್‌ಮೆಂಟ್, ಎರಡನೇ ಮಹಡಿ, ಕೆಳಗೆ ಒಂದು ಸಂಸಾರ. ಇನ್ನು ಒಂದೂವರೆ ವರ್ಷಕ್ಕೆ ಬೆಂಗಳೂರಿಗೆ ವಾಪಸ್. ಬಜೆಟ್ ಎಲ್ಲ ಸೇರಿ 500 ಡಾಲರ್, ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ.

ಮನೆಗೆ 5 ವ್ಯಾಟ್ ಟ್ಯೂಬ್ (ವಾಲ್ವ್) ಆಂಪ್ ಸಾಕು ಅಂತ ಎಲ್ಲ ಕಡೆ ಓದಿದೆ, ಸರಿಯಾ? ರಿವರ್ಬ್ (ಮಾರ್ದನಿ) ಆಂಪ್ ಒಳಗೇ ಇರಬೇಕಾ, ಪೆಡಲ್ ಆದರೂ ನಡೆಯುತ್ತಾ? ಇಲ್ಲಿನ ಆಂಪ್ ಊರಿಗೆ ತಂದರೆ ಕೆಲಸ ಮಾಡುತ್ತಾ?


ಹನಿಸದ್ದು:

ಮೊದಲು ಆ 5 ವ್ಯಾಟ್ ಲೆಕ್ಕ ಬಿಟ್ಟುಬಿಡಿ. ಅದು ರಾಕ್, ಬ್ಲೂಸ್ ನುಡಿಸೋರಿಗೆ ಹೇಳೋ ಬುದ್ಧಿಮಾತು. ಅವರಿಗೆ ಆಂಪ್ ತಿಣುಕಬೇಕು, ಸದ್ದು ಒಡೆಯಬೇಕು, ಆದರೆ ಮನೆಯವರು ಎದ್ದು ಬರಬಾರದು. ಅದಕ್ಕೇ ಚಿಕ್ಕ ಆಂಪ್. ಸರ್ಫ್‌ಗೆ ಬೇಕಾದ್ದು ಇದಕ್ಕೆ ತದ್ವಿರುದ್ಧ. ದಪ್ಪ ತಂತಿಯ ಮೇಲೆ ಪಿಕ್ ಜೋರಾಗಿ ಬಿದ್ದರೂ ಸದ್ದು ಒಡೆಯದೆ ನಿಲ್ಲಬೇಕು. ಇದನ್ನೇ ಹೆಡ್‌ರೂಮ್ ಅನ್ನೋದು. 5 ವ್ಯಾಟ್‌ನ ಟ್ಯೂಬ್ ಆಂಪ್‌ನಲ್ಲಿ ಅದು ಬೇಗ ಮುಗಿದುಹೋಗುತ್ತೆ. ರಿವರ್ಬ್ ಮುಂದೆ ಸೇರಿಸಿದರೆ ಇನ್ನೂ ಬೇಗ, ಯಾಕಂದ್ರೆ ಗಿಟಾರ್ ಸದ್ದಿನ ಮೇಲೆ ರಿವರ್ಬ್ ಸದ್ದೂ ಕೂತು ಒಳಗೆ ಹೋಗುತ್ತೆ.

ವ್ಯಾಟ್ ಕಮ್ಮಿ ಮಾಡಿದರೆ ನೆರೆಯವರಿಗೆ ಉಪಕಾರ ಅನ್ನೋದೂ ಅಷ್ಟಕ್ಕಷ್ಟೆ. 22 ವ್ಯಾಟ್‌ನಿಂದ 5ಕ್ಕೆ ಇಳಿದರೆ ಕಮ್ಮಿಯಾಗೋದು 6 ಡೆಸಿಬೆಲ್ ಚಿಲ್ಲರೆ. ಕಿವಿಗೆ "ಅರ್ಧ ಆಯ್ತು" ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದ್ರೆ ವ್ಯಾಟ್ ಹತ್ತರಲ್ಲಿ ಒಂದು ಪಾಲಾಗಬೇಕು. ಒಳ್ಳೆ 12 ಇಂಚಿನ ಗಿಟಾರ್ ಸ್ಪೀಕರ್ 1 ವ್ಯಾಟ್‌ಗೇ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಕೊಡುತ್ತೆ. ಅಡುಗೆಮನೆ ಮಿಕ್ಸಿ ಅದರ ಮುಂದೆ ಮೆತ್ತಗೆ. ನಿಮ್ಮ ಮಹಡಿಯಲ್ಲಿ 5 ವ್ಯಾಟ್ ಆದರೂ ಪೂರ್ತಿ ತಿರುಗಿಸೋಕಾಗಲ್ಲ, 50 ವ್ಯಾಟ್ ಆದರೂ ಆಗಲ್ಲ. ಹಾಗಿದ್ಮೇಲೆ ಕಡಿಮೆ ವಾಲ್ಯೂಮ್‌ನಲ್ಲಿ ಯಾವುದು ಸ್ವಚ್ಛವಾಗಿ, ತುಂಬಿಕೊಂಡು ಕೇಳಿಸುತ್ತೋ ಅದನ್ನ ನೋಡಿ. ಸ್ಪೀಕರ್ 12 ಇಂಚು ಇರಲಿ, 10ಕ್ಕೂ ಒಪ್ಪಿಕೊಳ್ಳಬಹುದು. 8 ಇಂಚಿನದರಲ್ಲಿ ಆರನೇ ತಂತಿ (ಎಲ್ಲಕ್ಕಿಂತ ದಪ್ಪದ್ದು) ಪೇಪರ್ ಡಬ್ಬ ಬಡಿದಂಗಿರುತ್ತೆ, ಸರ್ಫ್‌ನ ಅರ್ಧ ಕೆಲಸ ನಡೆಯೋದೇ ಆ ತಂತಿಯ ಮೇಲೆ.

ಈಗ ರಿವರ್ಬ್. ಜಾಸ್ತಿ ತಲೆ ಓಡಿಸಬೇಕಾದ್ದು ಇಲ್ಲೇ. ನೀವಿರೋ ಊರಿನ ಪಕ್ಕದಲ್ಲೇ, ನ್ಯೂಪೋರ್ಟ್ ಬೀಚ್‌ನ ಬಾಲ್ಬೋವಾದಲ್ಲಿ, ರಾಂದೆವೂ ಬಾಲ್‌ರೂಮ್ ಅನ್ನೋ ನೃತ್ಯಶಾಲೆ ಇತ್ತು. 1961ರಲ್ಲಿ ಸರ್ಫ್ ಗಿಟಾರ್ ವಾದಕ ಡಿಕ್ ಡೇಲ್ ಜನ ಸೇರಿಸ್ತಾ ಇದ್ದದ್ದು ಅಲ್ಲೇ. 1966ರಲ್ಲಿ ಅದು ಸುಟ್ಟುಹೋಯ್ತು. ಅವರ ಕೈಯ ಹೊಡೆತಕ್ಕೆ ತಡೆಯೋ ಆಂಪ್ ಮಾಡೋಕೆ ಫುಲರ್ಟನ್‌ನ ಗಿಟಾರ್, ಆಂಪ್ ತಯಾರಕ ಲಿಯೋ ಫೆಂಡರ್ ಹೆಣಗಿದ್ದರ ಫಲವೇ 15 ಇಂಚಿನ ಜೆಬಿಎಲ್ ಸ್ಪೀಕರ್ ಕೂರಿಸಿದ ಶೋಮನ್ ಆಂಪ್. ಅದೇ 1961ರಲ್ಲಿ ಫೆಂಡರ್ ರಿವರ್ಬ್‌ಗಂತಲೇ ಒಂದು ಬೇರೆ ಪೆಟ್ಟಿಗೆಯನ್ನೂ ತಂದರು, ಮಾಡೆಲ್ 6ಜಿ15. ಅದರೊಳಗೆ ಹ್ಯಾಮಂಡ್‌ನ ಸ್ಪ್ರಿಂಗ್ ಟ್ಯಾಂಕ್ (ಸದ್ದು ಹಾಯಿಸೋ ಸ್ಪ್ರಿಂಗ್‌ಗಳನ್ನ ಕಟ್ಟಿದ ಉದ್ದನೆ ತಟ್ಟೆ), ಮುಂದೆ ಮೂರು ನಾಬ್: ಡ್ವೆಲ್, ಮಿಕ್ಸರ್, ಟೋನ್. ಗಿಟಾರ್‌ಗೂ ಆಂಪ್‌ಗೂ ನಡುವೆ ಇದು ಕೂರುತ್ತೆ. (ಡೇಲ್ ಇದನ್ನ ಮೊದಲು ಬಯಸಿದ್ದು ಗಿಟಾರ್‌ಗಲ್ಲ, ಹಾಡೋ ದನಿಗೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರ 61ರ ಸರ್ಫ್ ರೆಕಾರ್ಡಿಂಗ್‌ನಲ್ಲಿ ರಿವರ್ಬ್ ಇಲ್ಲವೇ ಇಲ್ಲ.)

ನೀವು ಒದ್ದೆ ಅನ್ನೋ ಸದ್ದು ಈ ಪೆಟ್ಟಿಗೆಯದು. ತಂತಿಯನ್ನ ಅಂಗೈಯಿಂದ ಅದುಮಿ ಪಿಕ್‌ನಿಂದ ಒಂದು ಏಟು ಕೊಟ್ಟರೆ, ಅರ್ಧ ತುಂಬಿದ ಕೊಡಕ್ಕೆ ಸೂರಿನಿಂದ ಹನಿ ಬಿದ್ದಂಗೆ "ಟುಳುಕ್" ಅನ್ನುತ್ತಲ್ಲ, ಇಂಗ್ಲಿಷ್‌ನವರು ಡ್ರಿಪ್ ಅಂತಾರೆ. ಕಾರಣ ಸ್ಪ್ರಿಂಗ್‌ನ ಗುಣ. ಸುರುಳಿಯೊಳಗೆ ಎಲ್ಲ ಸ್ವರವೂ ಒಂದೇ ವೇಗದಲ್ಲಿ ಓಡಲ್ಲ. ಮಂದ್ರ ಮೊದಲು ಬಂದು ಮುಟ್ಟುತ್ತೆ, ತಾರ ಹಿಂದಿನಿಂದ ಎಳೆದುಕೊಂಡು ಬರುತ್ತೆ. ಚಿಕ್ಕದೊಂದು ಏಟು ಆ ಕಡೆ ಹೋಗೋ ಹೊತ್ತಿಗೆ ಮೇಲಕ್ಕೆ ಜಾರೋ ಚಿಲಿಪಿಲಿ ಆಗಿರುತ್ತೆ. ಟ್ಯಾಂಕ್‌ಗೆ ಎಷ್ಟು ಜೋರಾಗಿ ಸಿಗ್ನಲ್ ನುಗ್ಗಿಸ್ತೀರೋ ಅಷ್ಟು ಹನಿ. ಆ ಜೋರನ್ನ ಹಿಡಿಯೋ ನಾಬ್ ಡ್ವೆಲ್. ಆಂಪ್ ಒಳಗಿನ ರಿವರ್ಬ್‌ಗೆ ಸಾಮಾನ್ಯವಾಗಿ ಡ್ವೆಲ್ ಇರಲ್ಲ, ಇರೋದು "ಎಷ್ಟು ಬೆರೆಸಲಿ" ಅನ್ನೋ ಒಂದೇ ನಾಬ್.

ಅದಕ್ಕೆ ನನ್ನ ಮಾತು: ಆಂಪ್‌ಗೆ ದುಡ್ಡು ಕಮ್ಮಿ ಹಾಕಿ, ರಿವರ್ಬ್‌ಗೆ ಉಳಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಬಾಸ್ ಕಟಾನಾ 50, ಅದರ ಮುಂದೆ ಡ್ವೆಲ್ ಇರೋ, ಸ್ಪ್ರಿಂಗ್ ಸದ್ದನ್ನ ಡಿಜಿಟಲ್ ಆಗಿ ನಕಲು ಮಾಡೋ ಪೆಡಲ್, ಉದಾಹರಣೆಗೆ ಕ್ಯಾಟಲಿನ್‌ಬ್ರೆಡ್ ಟೊಪಾಂಗಾ, ಇಲ್ಲಾ ಹಳೆಯ ಬಾಸ್ ಎಫ್‌ಆರ್‌ವಿ-1. ಎರಡೂ 6ಜಿ15ರ ನಕಲು ಮಾಡೋಕಂತಲೇ ಹುಟ್ಟಿದವು. ಕಟಾನಾದಲ್ಲಿ 12 ಇಂಚಿನ ಸ್ಪೀಕರ್ ಇದೆ, ಪವರ್ ಸ್ವಿಚ್‌ನಲ್ಲಿ 50, 25, ಅರ್ಧ ವ್ಯಾಟ್ ಅಂತ ಇಳಿಸಬಹುದು, ಹೆಡ್‌ಫೋನ್ ಹಾಕಿದರೆ ಸ್ಪೀಕರ್ ಮೌನ. ಆಂಪ್ ಒಳಗೂ ಸ್ಪ್ರಿಂಗ್ ರಿವರ್ಬ್‌ನ ಡಿಜಿಟಲ್ ನಕಲು ಇದೆ, ಆದರೆ ಅದು ಪ್ರೀಆಂಪ್ (ಆಂಪ್‌ನ ಮೊದಲ ಹಂತ) ದಾಟಿದ ಮೇಲೆ ಬೆರೆಯೋದು. ಕೋಣೆ ದೊಡ್ಡದಾದಂಗೆ ಕೇಳಿಸುತ್ತೆ, ಹನಿ ಬೀಳಲ್ಲ.


ವಾಲ್ವ್_ವಾಸು:

ಮೇಲಿನವರ 5 ವ್ಯಾಟ್ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪೆಡಲ್ ಮಾತನ್ನು ಒಪ್ಪುವುದಿಲ್ಲ.

ಡಿಜಿಟಲ್ ಪೆಡಲ್‌ನಲ್ಲಿ ಹನಿ ಕೇಳಿಸುತ್ತದೆ ನಿಜ, ಆದರೆ ಬೆರಳಿಗೆ ಬಗ್ಗುವುದಿಲ್ಲ. ನಿಜವಾದ ಸ್ಪ್ರಿಂಗ್‌ಗೆ ಮೆಲ್ಲಗೆ ತಾಗಿಸಿದರೆ ಒಂದು ಬಗೆ, ಬಾರಿಸಿದರೆ ಇನ್ನೊಂದು ಬಗೆ, ಮೊದಲ ಏಟಿನ ಅಲುಗಾಟ ಅಡಗುವ ಮುನ್ನ ಎರಡನೆಯದು ಬಿದ್ದರೆ ಮೂರನೆಯ ಬಗೆ. ಬಿಡುವಿಲ್ಲದೆ ಮೇಲೆ ಕೆಳಗೆ ಪಿಕ್ ಆಡಿಸುವ ಸಂಗೀತದಲ್ಲಿ ಈ ವ್ಯತ್ಯಾಸ ಅಡಗಿ ಕೂರುವುದಿಲ್ಲ. ದುಡ್ಡನ್ನು ರಿವರ್ಬ್‌ಗೆ ಹಾಕುವುದೇ ಆದರೆ ಸ್ಪ್ರಿಂಗ್ ಇರುವ ಪೆಟ್ಟಿಗೆಗೇ ಹಾಕಿ. ಸರ್ಫಿಬೇರ್ ಎಂಬುದಿದೆ. 6ಜಿ15ರ ಸರ್ಕ್ಯೂಟನ್ನೇ ಇಟ್ಟುಕೊಂಡು ಟ್ಯೂಬ್ ಜಾಗದಲ್ಲಿ ಫೆಟ್ ಟ್ರಾನ್ಸಿಸ್ಟರ್ ಹಾಕಿದ್ದಾರೆ, ಟ್ಯಾಂಕ್ ಮಾತ್ರ ಅಸಲಿ. ಅದನ್ನು ಕೊಂಡರೆ ಆಂಪ್‌ಗೆ ಉಳಿಯುವುದು ಕಡಿಮೆ, ಗೊತ್ತು. ಆದರೆ ಸಾಧಾರಣ ಆಂಪ್‌ನ ಮುಂದೆ ಒಳ್ಳೆಯ ಟ್ಯಾಂಕ್ ಇಟ್ಟರೆ ಸರ್ಫ್ ಬರುತ್ತದೆ, ಒಳ್ಳೆಯ ಆಂಪ್‌ನ ಮುಂದೆ ಸಾಧಾರಣ ರಿವರ್ಬ್ ಇಟ್ಟರೆ ಬರುವುದಿಲ್ಲ.

ಆಂಪ್ ಒಳಗೇ ಸ್ಪ್ರಿಂಗ್ ಬೇಕೆಂದು ಹುಡುಕುವವರು ಒಂದು ಸಂಗತಿ ತಿಳಿದಿರಲಿ. 6ಜಿ15ರಲ್ಲಿ ಟ್ಯಾಂಕನ್ನು ಓಡಿಸುವುದು 6ಕೆ6 ಎಂಬ ಪವರ್ ಟ್ಯೂಬ್. 1963ರ ಬಳಿಕ ಬಂದ ಡೀಲಕ್ಸ್ ರಿವರ್ಬ್, ಟ್ವಿನ್ ರಿವರ್ಬ್‌ಗಳಲ್ಲಿ ಆ ಕೆಲಸ 12ಎಟಿ7 ಎಂಬ ಚಿಕ್ಕ ಟ್ಯೂಬ್‌ನದು. ಟ್ಯಾಂಕ್ ಒಂದೇ ಜಾತಿಯದಾದರೂ ನೂಕುವ ತೋಳು ಬೇರೆ. ಡೀಲಕ್ಸ್‌ನ ರಿವರ್ಬ್ ಸೊಗಸು, ಹತ್ತಕ್ಕೆ ಎಂಟು ಸರ್ಫ್ ಟ್ಯೂನ್‌ಗಳಿಗೆ ಸಾಕು, ಆದರೂ ಟುಳುಕ್ ಎನ್ನುವುದು ಸ್ವಲ್ಪ ಮೆತ್ತಗೆ. ಹೊಸ ಡೀಲಕ್ಸ್ ನಿಮ್ಮ ಬಜೆಟ್‌ಗೆ ದೂರವೇ. 22 ವ್ಯಾಟ್, 6ವಿ6 ಟ್ಯೂಬ್ ಎರಡು, 12 ಇಂಚಿನ ಸ್ಪೀಕರ್, ತೂಕ 19 ಕಿಲೊ. ಟ್ವಿನ್ 85 ವ್ಯಾಟ್, 29 ಕಿಲೊ. ಎರಡನೇ ಮಹಡಿಗೆ ಒಬ್ಬರೇ ಹೊತ್ತರೆ ಬೆನ್ನಿಗೆ ಅಯೋಡೆಕ್ಸ್ ಬೇಕು.

500 ಡಾಲರ್‌ಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕಣ್ಣಿಗೆ ಬೀಳುವ ಟ್ಯೂಬ್ ಆಂಪ್ ಎಂದರೆ ಬ್ಲೂಸ್ ಜೂನಿಯರ್, ಹಾಟ್ ರಾಡ್ ಡೀಲಕ್ಸ್. ಬ್ಲೂಸ್ ಜೂನಿಯರ್ ಹೆಸರಿಗೆ ತಕ್ಕ ಹಾಗಿದೆ. ಇಎಲ್84 ಟ್ಯೂಬ್, 15 ವ್ಯಾಟ್, ಮಧ್ಯದ ಸ್ವರ ಉಬ್ಬಿದ್ದು, ಟ್ರೆಮೊಲೊ (ಸದ್ದಿನ ಜೋರು ಏರಿಳಿಸುವುದು) ಇಲ್ಲ, ಟ್ಯಾಂಕ್ ಚಿಕ್ಕದು. ಉದ್ದ ಟ್ಯಾಂಕ್ ಸುಮಾರು 42 ಸೆಂಟಿಮೀಟರ್, ಇದು 23ರ ಸುತ್ತಮುತ್ತ. ಸ್ಪ್ರಿಂಗ್ ಗಿಡ್ಡವಾದರೆ ಮಾರ್ದನಿ ಬೇಗ ಬೇಗ ತಿರುಗಿ ಬಂದು ಹನಿ ಬಿಡಿಯಾಗಿ ಕೇಳಿಸುವುದಿಲ್ಲ, ತಗಡಿನ ಸದ್ದಾಗುತ್ತದೆ. ಹಾಟ್ ರಾಡ್ ಡೀಲಕ್ಸ್ 40 ವ್ಯಾಟ್, 6ಎಲ್6 ಟ್ಯೂಬ್, ಹೆಡ್‌ರೂಮ್ ಧಾರಾಳ, ಆದರೆ ವಾಲ್ಯೂಮ್ ನಾಬ್ ಒಂದರಿಂದ ಎರಡಕ್ಕೆ ಹೋಗುವಷ್ಟರಲ್ಲಿ ಮನೆ ಎಬ್ಬಿಸುತ್ತದೆ. ಅದರ ಮುಂದೆ ಪೆಡಲ್ ಇಟ್ಟು ಪೆಡಲ್‌ನ ಔಟ್‌ಪುಟ್ ತಗ್ಗಿಸಿದರೆ ನಾಬ್ ಹದಕ್ಕೆ ಬರುತ್ತದೆ.

ಅಟೆನ್ಯುಯೇಟರ್ (ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕೂತು ಸದ್ದು ತಗ್ಗಿಸುವ ಪೆಟ್ಟಿಗೆ) ಕೊಳ್ಳಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪವರ್ ಟ್ಯೂಬನ್ನು ಒಡೆಯುವ ತನಕ ಓಡಿಸಿ ಸದ್ದನ್ನು ಮಾತ್ರ ಇಳಿಸಬೇಕಾದವರಿಗೆ ಅದು. ನಮಗೆ ಒಡೆಯುವುದೇ ಬೇಡವಾದ ಮೇಲೆ ವಾಲ್ಯೂಮ್ ನಾಬ್ ಇಳಿಸಿದರಾಯಿತು.

ಇನ್ನೊಂದು: ಫೆಂಡರ್ ಆಂಪ್‌ನ ಮೇಲೆ "ವೈಬ್ರಾಟೊ" ಎಂದು ಬರೆದಿರುವುದು ನಿಜಕ್ಕೂ ಟ್ರೆಮೊಲೊ, ಗಿಟಾರ್‌ನ ಮೇಲೆ "ಟ್ರೆಮೊಲೊ" ಎಂದು ಕರೆಯುವ ಕಡ್ಡಿ ನಿಜಕ್ಕೂ ವೈಬ್ರಾಟೊ, ಅಂದರೆ ಸ್ವರವನ್ನೇ ಏರಿಳಿಸುವುದು. ಅದಲುಬದಲಾದ ಹೆಸರು ಅರವತ್ತು ವರ್ಷ ದಾಟಿದರೂ ಹಾಗೇ ಉಳಿದಿದೆ. ಜಾಹೀರಾತು ಓದುವಾಗ ಗೊಂದಲ ಬೇಡ.


ಹನಿಸದ್ದು:

ವಾಸು ಸರ್, ಅಸಲಿ ಟ್ಯಾಂಕ್ ಮೇಲು ಅನ್ನೋದರಲ್ಲಿ ಜಗಳ ಇಲ್ಲ. ಆದರೆ ಇವರು ಒಂದೂವರೆ ವರ್ಷದಲ್ಲಿ ಗಂಟುಮೂಟೆ ಕಟ್ಟೋರು. ಬೆರಳುದ್ದದ ಪೆಡಲ್ ಬಟ್ಟೆ ನಡುವೆ ಸುತ್ತಿ ಸೂಟ್‌ಕೇಸ್‌ಗೆ ಹಾಕಬಹುದು. ಟ್ಯಾಂಕನ್ನ ವಿಮಾನದ ಲಗೇಜ್‌ನಲ್ಲಿ ಎಸೆದರೆ ಸ್ಪ್ರಿಂಗ್ ಕೊಕ್ಕೆಯಿಂದ ಕಳಚಿಕೊಂಡು ಬರುತ್ತೆ. ಜತೆಗೆ ಹೆಡ್‌ಫೋನ್‌ನಲ್ಲಿ ನುಡಿಸೋದೇ ಹೆಚ್ಚಾದರೆ ಮೊದಲ ವರ್ಷ ಡಿಜಿಟಲ್ ಸಾಕು ಅನ್ನೋದು ನನ್ನ ಅಂದಾಜು.


ಬೆಸುಗೆ_ಬಸ್ಯಾ:

ವೋಲ್ಟೇಜ್ ಬಗ್ಗೆ ಯಾರೂ ಬಾಯಿ ಬಿಡವಲ್ರಿ, ಅದಕ್ಕ ನಾ ಬರೀಲಿಕತ್ತೇನಿ.

ಆಂಪಿನ ಬೆನ್ನಿಗೆ ಒಂದು ಪಟ್ಟಿ ಇರ್ತೈತಿ, ರೊಕ್ಕಾ ಕೊಡೂಕಿಂತ ಮೊದಲ ಅದನ್ನ ಓದ್ರಿ. "100-240 ವೋಲ್ಟ್" ಅಂತಿದ್ರ ಚಿಂತಿ ಇಲ್ಲ, ಬೆಂಗಳೂರಾಗ ನಮ್ಮ ಮೂರು ಪಿನ್ನಿನ ವಾಯರ್ ಹಾಕಿದ್ರ ಮುಗೀತು. ಬರೇ "120 ವೋಲ್ಟ್, 60 ಹರ್ಟ್ಸ್" ಅಂತಿದ್ರ ಸೀದಾ ನಮ್ಮ 230ಕ್ಕ ಹಚ್ಚಬ್ಯಾಡ್ರಿ. ಫ್ಯೂಸ್ ಹೋದ್ರ ಪುಣ್ಯಾ, ಟ್ರಾನ್ಸ್‌ಫಾರ್ಮರ್ ಹೋದ್ರ ಆಂಪಿನ ಅರ್ಧ ರೇಟ್ ಹೋತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪಟ್ಟಿ ಮ್ಯಾಲೆ ಎಷ್ಟು ವ್ಯಾಟ್ ಅಂತ ಬರದಿರ್ತೈತಿ ಅದರ ಎರಡರಷ್ಟು ವಿಎ (ಟ್ರಾನ್ಸ್‌ಫಾರ್ಮರಿನ ತಾಕತ್ತಿನ ಅಳತಿ) ತಗೋರಿ, ಅರ್ತ್ ಪಿನ್ ಈ ಕಡಿಯಿಂದ ಆ ಕಡಿಗೆ ಹಾದು ಹೋಗೇತೇನು ಮಲ್ಟಿಮೀಟರಿನಾಗ ನೋಡ್ರಿ. ಕೂದಲಾ ಒಣಗಿಸೋ ಮಷೀನಿಗಂತ ಮಾರತಾರಲ್ಲ ಅಂಗೈಯಷ್ಟು ಟ್ರಾವೆಲ್ ಕನ್ವರ್ಟರ್, ಅದು ಆಂಪಿಗೆ ಬರಂಗಿಲ್ಲ. ಅದು ಕರೆಂಟಿನ ಅಲೀನ ಕತ್ತರಿಸಿ ಕೊಡ್ತೈತಿ, ಆಂಪು ಅದನ್ನ ಸಹಿಸಂಗಿಲ್ಲ.

ಇನ್ನೊಂದು ಸೂಕ್ಷ್ಮ ಐತಿ. ಸ್ಟೆಪ್ ಡೌನ್ ವೋಲ್ಟೇಜ್ ಇಳಸ್ತೈತಿ, ಹರ್ಟ್ಸ್ ಬದಲಿ ಮಾಡಂಗಿಲ್ಲ. 60ಕ್ಕಂತ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರ ಮ್ಯಾಲೆ ನಡದ್ರ ಕೋರಿನಾಗ ಫ್ಲಕ್ಸ್ 20 ಪರ್ಸೆಂಟ್ ಹೆಚ್ಚಾಕ್ಕೈತಿ, ಜಾಸ್ತಿ ಬಿಸಿ ಆಕ್ಕೈತಿ. ದೊಡ್ಡ ಟ್ಯೂಬ್ ಆಂಪಿಗೆ ಇದು ಲೆಕ್ಕಕ್ಕ ಬರೂ ಮಾತು. ಊರಾಗ ಲೈನ್ 240 ಇದ್ರ ಸ್ಟೆಪ್ ಡೌನ್ ಕೊಡೂದು 125, ಅದೂ ಒಂದು ಭಾರ. ಹಂಗಾಗಿ ತಿರುಗಿ ಹೋಗೂರು 120 ವೋಲ್ಟಿನ ತೂಕದ ಟ್ಯೂಬ್ ಆಂಪು ತಗೊಳ್ಳೂದು ನನಗ ಅಷ್ಟು ಸರಿ ಕಾಣಂಗಿಲ್ಲ. ಪೆಡಲ್‌ಗೆ ಈ ತಾಪತ್ರಯ ಇಲ್ಲ. 9 ವೋಲ್ಟಿನ ಅಡಾಪ್ಟರ್, ನಟ್ಟನಡುವಿನ ಪಿನ್ ಮೈನಸ್, ಊರಾಗೂ ಸಿಗ್ತೈತಿ.

ಆದ್ರೂ ಟ್ಯೂಬ್ ಆಂಪ ಬೇಕು ಅಂತಿದ್ರ ನೋಡಾಕ ಹೋದಾಗ ಇಷ್ಟು ಮಾಡ್ರಿ. ಎಲ್ಲಾ ನಾಬ್ ಒಂದೊಂದಾಗಿ ತಿರಗಿಸ್ರಿ, ಕರಕರ ಅಂದ್ರ ಧೂಳು, ಸ್ಪ್ರೇ ಹೊಡದ್ರ ಹೋಕ್ಕೈತಿ. ಪೆನ್ಸಿಲ್ ತಗೊಂಡು ಒಂದೊಂದು ಟ್ಯೂಬಿಗೂ ಮೆಲ್ಲಗ ಟಕ್ ಅನಸ್ರಿ, ಗಂಟಿ ಹೊಡದಂಗ ಸ್ಪೀಕರಿನಾಗ ಕೇಳಿಸಿದ್ರ ಆ ಟ್ಯೂಬ್ ಬದಲಿ ಮಾಡಬೇಕು. ರಿವರ್ಬ್ 5ಕ್ಕ ಇಟ್ಟು ಆಂಪಿನ ನೆತ್ತಿ ತಟ್ಟ್ರಿ, ಗುಡುಗಿದಂಗ ಸದ್ದಾದ್ರ ಟ್ಯಾಂಕು ಜೀವಂತ ಐತಿ. ಸದ್ದಿಲ್ಲಂದ್ರ ಹೆದರಬ್ಯಾಡ್ರಿ, ರೇಟ್ ಇಳಸಾಕ ಒಂದು ದಾರಿ ಸಿಕ್ಕಂಗ. ಆಂಪ್ ಬಂದ್ ಮಾಡಿ ಟ್ಯಾಂಕಿನ ಎರಡೂ ಆರ್‌ಸಿಎ ವಾಯರ್ ಕಿತ್ತು ಮಲ್ಟಿಮೀಟರ್ ಹಿಡೀರಿ. ಡೀಲಕ್ಸ್, ಟ್ವಿನ್ನಿನಾಗ ಇರೂ 4ಎಬಿ3ಸಿ1ಬಿ ಟ್ಯಾಂಕಿಗೆ ಇನ್‌ಪುಟ್ ಕಡೆ 1 ಓಮ್ ಒಳಗ, ಔಟ್‌ಪುಟ್ ಕಡೆ 200 ಓಮ್ ಆಜೂಬಾಜು ತೋರಸಬೇಕು. ಏನೂ ತೋರಸಲಿಲ್ಲಂದ್ರ ಒಳಗ ಕೂದಲಿನಂಥಾ ತಂತಿ ಹರದೈತಿ. ಎರಡೂ ಸರಿ ಇದ್ರ ವಾಯರ್ ಇಲ್ಲಾ ಟ್ಯೂಬ್. ಎರಡು ವಾಯರ್ ಅದಲುಬದಲು ಹಾಕಿರೂದೂ ಭಾಳ ಕಡೆ ನೋಡಾಕ ಸಿಗ್ತೈತಿ.

ಟ್ಯಾಂಕ್ ಬದಲಿ ಮಾಡೂದಾದ್ರ ಆ ನಂಬರಿನ ಅಕ್ಷರಾ ತಾಳಿ ಆಗಬೇಕು. ಮೊದಲನೇ ಅಂಕಿ ಉದ್ದ ಮತ್ತ ಸ್ಪ್ರಿಂಗ್ ಎಷ್ಟು ಅಂತ ಹೇಳ್ತೈತಿ, ಎರಡನೇದು ಇನ್‌ಪುಟ್ ಓಮ್, ಮೂರನೇದು ಔಟ್‌ಪುಟ್. ಇನ್‌ಪುಟ್ ಜಾಗದಾಗ "ಎ" ಅಂದ್ರ ಸಿಗ್ನಲಿಗೆ 8 ಓಮ್, ಮಲ್ಟಿಮೀಟರಿನಾಗ ಕಾಣೂದು ಅದಕ್ಕಿಂತ ಕಮ್ಮಿ. ಟ್ರಾನ್ಸ್‌ಫಾರ್ಮರ್ ಇಲ್ದ ಐಸಿಯಿಂದ ಓಡಿಸೂ ಆಂಪಿಗೆ ಈ 8 ಓಮಿನ ಟ್ಯಾಂಕ್ ಸಿಗಿಸಿದ್ರ ಸದ್ದು ಬರಂಗಿಲ್ಲ, ಐಸಿ ಬಿಸಿ ಆಕ್ಕೈತಿ.

ಮತ್ತ ಒಂದು ಮಾತು, ಇದು ಚಾಷ್ಟಿ ಅಲ್ಲ. ಟ್ಯೂಬ್ ಆಂಪಿನ ಹೊಟ್ಟಿ ಬಿಚ್ಚಬ್ಯಾಡ್ರಿ. ಪ್ಲಗ್ ಕಿತ್ತ ಮ್ಯಾಲೂ ಕೆಪಾಸಿಟರಿನಾಗ 400 ವೋಲ್ಟ್ ಕುಂತಿರ್ತೈತಿ. ಟ್ಯಾಂಕು ಹೊರಗ ಚೀಲದಾಗ ಇರ್ತೈತಿ, ಅದನ್ನ ಮುಟ್ಟ್ರಿ, ಅದರ ಮ್ಯಾಲಿನ ತಗಡಿನ ಪೆಟ್ಟಗಿ ಬ್ಯಾಡ. ಎರಡೇ ಪಿನ್ನಿನ ವಾಯರ್ ಇರೂ 1960ರ ಅಸಲಿ ಆಂಪ್ ಅಗ್ಗಕ್ಕ ಸಿಕ್ರ, ಮೂರು ವಾಯರ್ ಹಾಕಿಸಿ ಅರ್ತ್ ಮಾಡಸೂ ತನಕಾ ಹಚ್ಚಬ್ಯಾಡ್ರಿ.


ಅಲೆಮಾರಿ_ತಂತಿ:

ಇಷ್ಟೆಲ್ಲ ಬರೆದಿದ್ದಕ್ಕೆ ಶರಣು. ಹತ್ತಿರದಲ್ಲೇ ಎರಡು ಸಿಕ್ಕಿವೆ: ಒಂದು ಬ್ಲೂಸ್ ಜೂನಿಯರ್, ಬಜೆಟ್ ಪೂರ್ತಿ ಅದಕ್ಕೇ ಹೋಗುತ್ತೆ. ಇನ್ನೊಂದು ಕಟಾನಾ 50, ಪಕ್ಕದಲ್ಲಿ ಟೊಪಾಂಗಾಕ್ಕೂ ದುಡ್ಡು ಉಳಿಯುತ್ತೆ. ಎರಡನೆಯದರ ಕಡೆ ವಾಲ್ತಾ ಇದ್ದೀನಿ, ಪಟ್ಟಿ ಮೇಲೆ 120 ಅಂತ ಮಾತ್ರ ಇದೆ. ತಂದಮೇಲೆ ನಾಬ್ ಎಲ್ಲಿಡಬೇಕು? ತಂತಿ ಬದಲಿಸಬೇಕಾ?


ದಪ್ಪತಂತಿ:

ಕಟಾನಾನೇ ತಗೊಳ್ಳಿ ಮಾರಾಯ್ರೇ. ವಾಪಸ್ ಹೋಗೋವಾಗ ಆಂಪನ್ನ ಅಲ್ಲೇ ಮಾರಿ, ಪೆಡಲ್ ತನ್ನಿ. ಇಲ್ಲಿ 230ರ ಆಂಪ್ ಯಾವುದಾದರೂ ಸ್ವಚ್ಛವಾದ್ದು ಸಿಗುತ್ತೆ, ಸದ್ದಿನ ಮುಕ್ಕಾಲು ಪಾಲು ನಿಮ್ಮ ಜತೆ ಸೂಟ್‌ಕೇಸ್‌ನಲ್ಲೇ ಬಂದಿರುತ್ತೆ.

ಜೋಡಿಸೋದು ಹೀಗೆ: ಗಿಟಾರ್, ಪೆಡಲ್, ಆಂಪ್‌ನ ಮುಂದಿನ ಇನ್‌ಪುಟ್. ರಿವರ್ಬ್ ಎಫೆಕ್ಟ್ಸ್ ಲೂಪ್‌ಗೆ (ಪ್ರೀಆಂಪ್ ದಾಟಿದ ಮೇಲಿನ ಜಾಕ್‌ಗೆ) ಹೋಗಬೇಕು ಅಂತ ಯಾರಾದರೂ ಹೇಳ್ತಾರೆ, ಬೇರೆ ಸಂಗೀತಕ್ಕೆ ಅದು ಸರಿ, ಇದಕ್ಕಲ್ಲ. ಆಂಪ್ ಟೈಪ್ ಕ್ಲೀನ್, ಗೇನ್ 9 ಗಂಟೆ ದಿಕ್ಕಿಗೆ, ಬೇಸ್ (ಮಂದ್ರ) 11, ಮಿಡ್ಲ್ 10, ಟ್ರೆಬಲ್ 1 ಗಂಟೆ. ಒಳಗಿನ ಎಫೆಕ್ಟ್ ಎಲ್ಲ ಆಫ್, ಆಂಪ್‌ನ ರಿವರ್ಬ್ ಸೊನ್ನೆ. ಪವರ್ ಅರ್ಧ ವ್ಯಾಟ್‌ಗೆ. ಗಟ್ಟಿ ಬೇಕಾದರೆ ಮಾಸ್ಟರ್ ಏರಿಸಿ, ಗೇನ್ ಮುಟ್ಟಬೇಡಿ. ಗೇನ್ ಏರಿದ ತಕ್ಷಣ ರಿವರ್ಬ್‌ನ ಚೂಪು ತುದಿಗಳು ಮೊದಲು ಒಡೆದು, ಹನಿ ಹೋಗಿ ಕೆಸರಾಗುತ್ತೆ.

ಪೆಡಲ್‌ನಲ್ಲಿ ಡ್ವೆಲ್ 6 ಅಥವಾ 7, ಮಿಕ್ಸ್ 5, ಟೋನ್ 6 ಅಂತ ಶುರು ಮಾಡಿ. ವೇಗದ ಟ್ಯೂನ್‌ಗೆ ಮಿಕ್ಸ್ 4ಕ್ಕೆ ಇಳಿಸಿ, ಡ್ವೆಲ್ ಹಾಗೇ ಬಿಡಿ. ಹೊಸಬರು ಮಾಡೋ ತಪ್ಪು ಏನಂದ್ರೆ ಒದ್ದೆ ಸಾಲದು ಅಂತ ಮಿಕ್ಸ್ ತಿರುಗಿಸ್ತಾ ಹೋಗೋದು. ಆಗ ಗಿಟಾರ್ ದೂರ ಹೋಗಿ ಬಾವಿಯೊಳಗೆ ಕೂತಂಗಾಗುತ್ತೆ. ಒದ್ದೆ ಬೇಕಾದರೆ ಡ್ವೆಲ್ ಏರಿಸಿ, ಅದೂ ಸಾಲದಿದ್ದರೆ ಕೈಯಲ್ಲೇ ಏಟು ಗಟ್ಟಿ ಮಾಡಿ.

ತಂತಿ ಖಂಡಿತ ಬದಲಿಸಿ. ತೆಳು ತಂತಿ ಜೋರಾಗಿ ಬಾರಿಸಿದರೆ ಸ್ವರ ಮೊದಲು ಏರಿ ಆಮೇಲೆ ಕೆಳಗಿಳಿಯುತ್ತೆ, ಆ ಸುಳ್ಳು ಸ್ವರವನ್ನ ರಿವರ್ಬ್ ಹಿಡಿದು ಎರಡು ಸೆಕೆಂಡ್ ಎಳೆದಾಡುತ್ತೆ. ಸಾಲದ್ದಕ್ಕೆ ಜಾಜ್‌ಮಾಸ್ಟರ್ ಬ್ರಿಜ್‌ನ ಮೇಲೆ ತಂತಿ ಒತ್ತೋ ಕೋನ ಕಮ್ಮಿ, ತೆಳು ತಂತಿ ಸ್ಯಾಡಲ್‌ನ ಗೆರೆಯಿಂದ ಎಗರಿಬಿಡುತ್ತೆ. ಆ ಗಿಟಾರ್ 1958ರಲ್ಲಿ ಬಂದಾಗ ಜನ ಹಾಕ್ತಿದ್ದದ್ದೇ ದಪ್ಪ ತಂತಿ. 11ರ ಸೆಟ್‌ನಿಂದ (ಅತಿ ತೆಳು ತಂತಿ 0.011 ಇಂಚು) ಶುರು ಮಾಡಿ, ಕೈ ಪಳಗಿದ ಮೇಲೆ 12. ಫ್ಲಾಟ್‌ವೂಂಡ್ (ಮೇಲ್ಮೈ ನುಣುಪಾಗಿರೋ ತಂತಿ) ಹಾಕಿದರೆ ಅಂಗೈ ಅದುಮಿದ ಸದ್ದು ಇನ್ನೂ ದುಂಡಗೆ ಬರುತ್ತೆ. ಡಿಕ್ ಡೇಲ್ ಹಾಕ್ತಿದ್ದ 16ರಿಂದ 58ರ ತಂತಿ ಬೇಡ, ಬೆರಳು ಬೊಬ್ಬೆ ಬರುತ್ತೆ. ದಪ್ಪ ತಂತಿ ಹಾಕಿದ ಮೇಲೆ ಕುತ್ತಿಗೆ ಮುಂದಕ್ಕೆ ಬಾಗುತ್ತೆ, ಟ್ರಸ್ ರಾಡ್ (ಕುತ್ತಿಗೆಯೊಳಗಿನ ಸರಳು) ಕಾಲು ಸುತ್ತು ಬಿಗಿ ಮಾಡಿ ಒಂದು ದಿನ ಬಿಟ್ಟು ನೋಡಿ. ನಟ್‌ನ (ಕುತ್ತಿಗೆ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಗೆರೆ ಕಿರಿದಾಗಿ ತಂತಿ ಕಚ್ಚಿಕೊಂಡರೆ ಶ್ರುತಿ ನಿಲ್ಲಲ್ಲ, ಗೆರೆ ಅಗಲ ಮಾಡಿಸಬೇಕು. ಆಮೇಲೆ 12ನೇ ಫ್ರೆಟ್‌ನಲ್ಲಿ ಇಂಟೊನೇಷನ್, ಅಂದ್ರೆ ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ಸರಿಯಿರೋ ಹಾಗೆ ಹೊಂದಿಸೋದು.

ಪಿಕ್ 1 ಮಿಲಿಮೀಟರ್‌ಗೆ ಕಮ್ಮಿ ಬೇಡ. ಬ್ರಿಜ್ ಪಿಕಪ್, ವಾಲ್ಯೂಮ್ 10. ಅಂಗೈ ಬ್ರಿಜ್‌ಗೆ ತಾಗಿ ಕೂರಲಿ, ಒಂದು ಸೆಂಟಿಮೀಟರ್ ಮುಂದೆ ಜಾರಿದರೂ ಹನಿ ಸತ್ತು ಬರೀ ಥಡ್ ಅನ್ನುತ್ತೆ.

ಸದ್ದು ಕಂಬಳಿ ಹೊದ್ದಂಗೆ ಮಂಕಾಗಿ ಕೇಳಿಸಿದರೆ ಆಂಪ್ ಬೈಯೋ ಮೊದಲು ಗಿಟಾರ್‌ನ ಮೇಲ್ಭಾಗದ ಚಿಕ್ಕ ಸ್ವಿಚ್ ನೋಡಿ. ಅದು ಮೇಲಿದ್ದರೆ ರಿದಮ್ ಸರ್ಕ್ಯೂಟ್, ಪಕ್ಕದ ಎರಡು ಚಕ್ರಗಳು ಮಾತ್ರ ಕೆಲಸ ಮಾಡುತ್ತವೆ, ಕೆಳಗಿನ ನಾಬ್ ಸತ್ತಂಗಿರುತ್ತೆ. "ಗಿಟಾರ್ ಕೆಟ್ಟಿದೆ" ಅಂತ ಅಂಗಡಿಗೆ ಬರೋ ಜಾಜ್‌ಮಾಸ್ಟರ್‌ಗಳಲ್ಲಿ ಎಷ್ಟೋ ಬರೀ ಆ ಸ್ವಿಚ್‌ನವು.

ಕೆಳಗಿನ ಮನೆಯವರಿಗೆ ತೊಂದರೆ ಕೊಡೋದು ಗಾಳಿಯಲ್ಲಿ ಹೋಗೋ ಸದ್ದಲ್ಲ, ನೆಲದೊಳಗೆ ಇಳಿಯೋ ಮಂದ್ರ. ಆಂಪ್ ನೆಲದ ಮೇಲೆ ಇಡಬೇಡಿ. ಗಟ್ಟಿ ಕುರ್ಚಿ ಮೇಲೆ ಇಟ್ಟು, ಅಡಿಗೆ ದಪ್ಪ ಫೋಮ್ ಹಾಕಿ, ಮುಖ ನಿಮ್ಮ ಕಿವಿ ಕಡೆ ವಾಲಿಸಿ. ಗೋಡೆಯಿಂದ ಒಂದಡಿ ಮುಂದೆ ಇರಲಿ. ಕಿವಿಗೆ ನೇರ ಬರೋದರಿಂದ ವಾಲ್ಯೂಮ್ ಕಮ್ಮಿ ಇಟ್ಟರೂ ಸಾಕಾಗುತ್ತೆ.


ವಾಲ್ವ್_ವಾಸು:

ಕಟಾನಾ ಆದರೂ ಚಿಂತೆಯಿಲ್ಲ, ಊರಿಗೆ ಬಂದ ಮೇಲೆ ಟ್ಯಾಂಕ್ ಕೊಂಡು ಆಗಿರುವ ಆಂಪ್‌ನ ಮುಂದೆ ಇಟ್ಟುಕೊಳ್ಳಿ. ಆಗ ಟ್ಯಾಂಕನ್ನು ಆಂಪ್‌ನ ತಲೆಯ ಮೇಲೆ ಮಾತ್ರ ಇಡಬೇಡಿ. ಸ್ಪೀಕರ್ ಅಲುಗಾಟ ಸ್ಪ್ರಿಂಗ್‌ಗೆ ತಾಗಿ, ಸ್ಪ್ರಿಂಗ್ ಸದ್ದು ಮತ್ತೆ ಸ್ಪೀಕರ್‌ಗೆ ಬಂದು ಊಳಿಡಲು ತೊಡಗುತ್ತದೆ.


ಬೆಸುಗೆ_ಬಸ್ಯಾ:

ಹೌದ್ರಿ, ಮತ್ತ ಹಮ್ ಬರೂದೂ ಟ್ಯಾಂಕ್ ಆಂಪಿನ ಬಾಜೂಕ ಇಡೂದರಿಂದನ. ಟ್ಯಾಂಕಿನ ಔಟ್‌ಪುಟ್ ಕಡಿ ಸುರಳಿ ಅಂದ್ರ ಒಂದು ಚಿಕ್ಕ ಆಂಟೆನಾ ಇದ್ದಂಗ, ಬಾಜೂಕ ಟ್ರಾನ್ಸ್‌ಫಾರ್ಮರ್ ಇದ್ರ ಗುಂಯ್ ಅಂತೈತಿ. ಪೆಟ್ಟಗಿ ಕೈಯಾಗ ಹಿಡಕೊಂಡು ಮೆಲ್ಲಗ ತಿರಗಿಸ್ರಿ, ಒಂದು ದಿಕ್ಕಿನಾಗ ಹಮ್ ಅಡಗ್ತೈತಿ. ಆ ದಿಕ್ಕಿಗೇ ಇಟ್ಟು, ಸ್ಟೆಪ್ ಡೌನ್ ಇದ್ರ ಅದನ್ನ ಎರಡು ಮೊಳ ದೂರ ಸರಸ್ರಿ.